ಚಂದ್ರಗಿರಿಯ ಎರಡು ದಡ

1956ರ ನವೆಂಬರ್ 1ರಂದು ಬೀದರ್ ಕನ್ನಡ ನಾಡಿನೊಳಗೆ ಬಂತು. ಅದೇ ದಿನ ಕಾಸರಗೋಡು ಅದರ ಕೈತಪ್ಪಿ ಹೋಯಿತು. ನಕಾಶೆಯ ಮೇಲೆ ಒಂದು ತುದಿಯಲ್ಲಿ ಸೇರ್ಪಡೆ, ಇನ್ನೊಂದು ತುದಿಯಲ್ಲಿ ಬೇರ್ಪಡೆ. ಹೈದರಾಬಾದ್ ರಾಜ್ಯದಲ್ಲಿದ್ದ ಹಳೆಯ ಬೀದರ್ ಜಿಲ್ಲೆ ಆಗ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಭಾಗಗಳು ಮೈಸೂರಿಗೆ ಬಂದವು. ಉದಗೀರ, ನಿಲಂಗಾದ ಕಡೆ ಮುಂಬಯಿಗೆ ಹೋಯಿತು. ಜಹೀರಾಬಾದ್, ನಾರಾಯಣಖೇಡದ ಕಡೆ ಆಂಧ್ರಕ್ಕೆ ಸೇರಿತು. ಹೆಣ್ಣು ಕೊಟ್ಟು ತಂದ ಮನೆಗಳು ಬೆಳಗಾಗುವುದರೊಳಗೆ ಬೇರೆ ಬೇರೆ ರಾಜ್ಯಗಳ ಮನೆಗಳಾದವು. ಗಡಿಯೆಂದರೆ ನಮಗಿಂದು ನಾಮಫಲಕಗಳ ಜಗಳವೇ ಹೆಚ್ಚಾಗಿ ನೆನಪಿಗೆ ಬರುತ್ತದೆ. ಗಡಿ ಮೊದಲು ಹಾಯುವುದು ತವರಿಗೂ ಗಂಡನ ಮನೆಗೂ ನಡುವೆ ಎಂಬುದನ್ನು ಔರಾದ್ ರಸ್ತೆಯ ಜನವಾಡದಂಥ ಊರಿನ ಹಿರಿಯ ಹೆಂಗಸರನ್ನು ಕೇಳಿದರೆ ತಿಳಿದೀತು.

ಈ ಸಂಗತಿಯನ್ನೇ ಕಾದಂಬರಿಯಾಗಿಸಿದ ಲೇಖಕಿಯೊಬ್ಬರು ನಾಡಿನ ಆ ತುದಿಯಿಂದ ಬಂದರು. ಅವರು ಸಾರಾ ಅಬೂಬಕ್ಕರ್. ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನಲ್ಲಿ; ತೀರಿಕೊಂಡಿದ್ದು 2023ರ ಜನವರಿ 10ರಂದು, ಮಂಗಳೂರಿನಲ್ಲಿ. ಅವರನ್ನು 'ಮುಸ್ಲಿಂ ಲೇಖಕಿ' ಎಂಬ ಒಂದೇ ಪದದಲ್ಲಿ ಪರಿಚಯಿಸಿ ಮುಂದೆ ಸಾಗುವುದು ನಮ್ಮ ವಿಮರ್ಶೆಗೆ ರೂಢಿಯಾಗಿದೆ. ಆ ಪದ ಸುಳ್ಳಲ್ಲ. ಆದರೆ ಅವರ ಬರಹದ ಮುಖ್ಯ ಸಂಗತಿಯೊಂದನ್ನು ಅದು ಮುಚ್ಚಿಡುತ್ತದೆ. ತನ್ನ ಬದುಕಿನ ಕಾಗದಕ್ಕೆ ಬೇರೆಯವರು ಸಹಿ ಹಾಕಿದಾಗ ಹೆಣ್ಣಿಗೆ ಏನಾಗುತ್ತದೆ ಎಂಬುದೇ ಆ ಸಂಗತಿ.

ಸಾರಾ ಅವರ ತಂದೆ ಪಿ. ಅಹಮದ್ ವಕೀಲರು, ತಾಯಿ ಜೈನಾಬಿ. ಮನೆಯ ಮಾತು ಮಲಯಾಳ, ಓದಿದ ಶಾಲೆ ಕನ್ನಡ. ಆ ಸೀಮೆಯ ಮುಸ್ಲಿಂ ಹುಡುಗಿಯರಲ್ಲಿ ಶಾಲೆಯ ಓದು ಕಂಡ ಮೊದಲಿಗರಲ್ಲಿ ಅವರೂ ಒಬ್ಬರು. ವಕೀಲರ ಮಗಳಾದುದರಿಂದ ಅಷ್ಟಾದರೂ ಸಾಧ್ಯವಾಯಿತು. ಅಲ್ಲಿಂದಾಚೆಗೆ ಬಾಗಿಲು ಮುಚ್ಚಿತು. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವ ಪದ್ಧತಿ ಸಮುದಾಯದಲ್ಲಿರಲಿಲ್ಲ. ಎಂಜಿನಿಯರ್ ಎಂ. ಅಬೂಬಕ್ಕರ್ ಅವರೊಡನೆ ಮದುವೆಯಾಯಿತು, ನಾಲ್ವರು ಗಂಡುಮಕ್ಕಳಾದರು. ಗ್ರಂಥಾಲಯವೊಂದರ ಸದಸ್ಯತ್ವ ಅವರಿಗೆ ದೊರೆತದ್ದು 1963ರಲ್ಲಿ. ಶಾಲೆ ಬಿಟ್ಟು ವರ್ಷಗಳೇ ಉರುಳಿದ ಮೇಲೆ, ಇಪ್ಪತ್ತೇಳರ ಆಸುಪಾಸಿನಲ್ಲಿ, ಗೃಹಿಣಿಯೊಬ್ಬಳು ಪುಸ್ತಕ ಎರವಲು ತರುವ ಹಕ್ಕು ಪಡೆದ ಘಟನೆ ಯಾವ ಚರಿತ್ರೆಯಲ್ಲಿಯೂ ದಾಖಲಾಗುವಂಥದ್ದಲ್ಲ. ಸಾರಾ ಅವರ ಮಟ್ಟಿಗೆ ವಿಶ್ವವಿದ್ಯಾಲಯ ತೆರೆದದ್ದು ಆಗಲೇ.

ಹಾಗೆ ಓದಲಾರಂಭಿಸಿದವರು ಬರೆಯಲು ಇನ್ನೂ ಹದಿನೆಂಟು ವರ್ಷ ಕಾದರು. ಪಿ. ಲಂಕೇಶ್ 1980ರಲ್ಲಿ ತಮ್ಮ ಪತ್ರಿಕೆಯನ್ನು ಆರಂಭಿಸಿದ್ದರು. ಕೋಮು ಸೌಹಾರ್ದವನ್ನು ಕುರಿತ ಸಾರಾ ಅವರ ಮೊದಲ ಲೇಖನ ಅದರಲ್ಲಿ ಬಂತು. 1981ರಲ್ಲಿ ಅದೇ ಪತ್ರಿಕೆಯಲ್ಲಿ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಧಾರಾವಾಹಿಯಾಗಿ ಪ್ರಕಟವಾಯಿತು. ಲೇಖಕಿಗೆ ಆಗ ನಲವತ್ತೈದು. ಪದವಿಯಿಲ್ಲ, ಸಾಹಿತ್ಯದ ಗುಂಪಿಲ್ಲ, ಮುನ್ನುಡಿ ಬರೆದು ಬೆನ್ನು ತಟ್ಟುವ ಹಿರಿಯರಿಲ್ಲ. ಬಂಡಾಯ ಚಳವಳಿ ತೆರೆದಿಟ್ಟ ದಾರಿಯೊಂದಿತ್ತು ಎಂಬುದು ನಿಜ. ಆದರೆ ಚಳವಳಿಯ ವೇದಿಕೆಗಳಲ್ಲಿ ಮೊದಲು ಕೇಳಿಬಂದದ್ದು ಬಹುಮಟ್ಟಿಗೆ ಗಂಡಸರ ದನಿ.

ಕಾದಂಬರಿಯ ಕತೆ ಚಿಕ್ಕದು. ಚಂದ್ರಗಿರಿ ಹೊಳೆಯ ಒಂದು ದಡದಲ್ಲಿ ನಾದಿರಾಳ ತವರು, ಇನ್ನೊಂದು ದಡದಲ್ಲಿ ಗಂಡ ರಶೀದನ ಮನೆ. ಗಂಡ ಹೆಂಡಿರ ನಡುವೆ ಜಗಳವಿಲ್ಲ, ಪ್ರೀತಿಯಿದೆ, ಒಂದು ಕೂಸೂ ಇದೆ. ತಂದೆ ಮಹಮ್ಮದ್ ಖಾನ್ ಸಿಡುಕಿನ, ಹಟದ ಮನುಷ್ಯ. ಅಳಿಯನ ಮೇಲೆ ಮುನಿದು ಮಗಳನ್ನು ತವರಿನಲ್ಲೇ ಉಳಿಸಿಕೊಳ್ಳುತ್ತಾನೆ, ಕೊನೆಗೆ ತಲಾಖಿಗೂ ದಾರಿ ಮಾಡುತ್ತಾನೆ. ಮುಂದೆ ಅವನಿಗೇ ಪಶ್ಚಾತ್ತಾಪವಾದಾಗ, ಗಂಡನೂ ಹೆಂಡತಿಯನ್ನು ಮತ್ತೆ ಕರೆದುಕೊಳ್ಳಲು ಸಿದ್ಧನಿರುವಾಗ, ಶಾಸ್ತ್ರ ಅಡ್ಡ ಬರುತ್ತದೆ. ತಲಾಖ್ ಪಡೆದವಳು ಮೊದಲ ಗಂಡನ ಬಳಿಗೆ ಮರಳಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ, ಅವನೊಡನೆ ಇದ್ದು, ಅವನಿಂದಲೂ ತಲಾಖ್ ಪಡೆದಿರಬೇಕು. ಎಲ್ಲರೂ ಕೂಡಿ ಅದಕ್ಕೊಂದು ಏರ್ಪಾಟು ಮಾಡುತ್ತಾರೆ: ಒಂದು ರಾತ್ರಿಯ ಗಂಡ. ನಾದಿರಾ ಆ ರಾತ್ರಿಯನ್ನು ಒಪ್ಪಲಾರದೆ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಬದುಕಿರುವಾಗ ಹೆಣ್ಣಿಗೆ ಪ್ರವೇಶವಿಲ್ಲದ ಆವರಣವನ್ನು ಅವಳು ಹೊಗುವುದು ಸಾಯುವುದಕ್ಕೆ.

ಈ ಕತೆಯಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಖಳನಾಯಕ ಎಂಬುವನೇ ಇಲ್ಲ. ರಶೀದ್ ಒಳ್ಳೆಯವನು, ಆದರೆ ಬಲಹೀನ. ಮಹಮ್ಮದ್ ಖಾನ್ ಕ್ರೂರಿ ನಿಜ. ಮಗಳ ಮೇಲೆ ಅವನಿಗೆ ಮಮತೆ ಇಲ್ಲವೆನ್ನಲಾಗದು. ಅತ್ಯಂತ ಸೂಕ್ಷ್ಮವಾಗಿ ಮೂಡಿರುವ ಪಾತ್ರ ತಾಯಿ ಫಾತಿಮಾಳದು. ಎಳೆಯ ವಯಸ್ಸಿನಲ್ಲೇ ತನಗಿಂತ ಬಹಳ ದೊಡ್ಡವನ ಕೈಹಿಡಿದು, ಅಂಜುತ್ತಲೇ ಬಾಳಿದವಳು. ಮಗಳ ಬದುಕು ಕಣ್ಣೆದುರೇ ಒಡೆಯುವಾಗ ಅವಳಿಗೆ ಎಲ್ಲವೂ ಅರ್ಥವಾಗುತ್ತದೆ. ಗಂಡನೆದುರು ನಿಂತು ಮಾತಾಡುವ ಅಭ್ಯಾಸವೊಂದೇ ಅವಳಲ್ಲಿಲ್ಲ. ಇಂಥ ತಾಯಂದಿರು ಒಂದೇ ಧರ್ಮದ ಮನೆಗಳಲ್ಲಿದ್ದಾರೆಂದು ಭಾವಿಸಿ ಕಾದಂಬರಿ ಓದುವವರು ತಮ್ಮ ಅಜ್ಜಿಯರನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು.

ಇನ್ನು ಹೊಳೆ. ಅದು ಅಲಂಕಾರಕ್ಕಾಗಿ ಬಂದ ನಿಸರ್ಗ ವರ್ಣನೆಯಲ್ಲ. ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಾಗ ಚಂದ್ರಗಿರಿಯ ಉತ್ತರದ ಪ್ರದೇಶ ಕನ್ನಡ ನಾಡಿಗೆ ಸೇರಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಅಂದರೆ ದಿಲ್ಲಿಯ ಕಡತಗಳಲ್ಲಿ ಎರಡು ಭಾಷೆಗಳ ಗೆರೆಯಾದ ಹೊಳೆಯೇ ಸಾರಾ ಅವರ ಕಾದಂಬರಿಯಲ್ಲಿ ತವರು ಮತ್ತು ಗಂಡನ ಮನೆಯ ಗೆರೆ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಯವರಂಥ ಕವಿಗಳು ಮೊದಲ ಗೆರೆಯ ವಿರುದ್ಧ ಜೀವಮಾನವಿಡೀ ಹೋರಾಡಿದರು. ಸಾರಾ ಅವರ ಹೋರಾಟ ಎರಡನೆಯ ಗೆರೆಯೊಡನೆ. ಎರಡೂ ಕಡೆ ನಡೆದದ್ದು ಒಂದೇ: ಅಲ್ಲಿ ಬಾಳುವವರನ್ನು ಕೇಳದೆಯೇ ತೀರ್ಮಾನವಾಗಿತ್ತು.

ಕಾದಂಬರಿ ಬಂದ ನಾಲ್ಕು ವರ್ಷದ ಮೇಲೆ, 1985ರಲ್ಲಿ, ಸುಪ್ರೀಂ ಕೋರ್ಟ್ ಶಾಬಾನು ಪ್ರಕರಣದ ತೀರ್ಪು ಕೊಟ್ಟಿತು. ಮರುವರ್ಷವೇ ಸಂಸತ್ತು ಹೊಸ ಕಾನೂನಿನ ಮೂಲಕ ಅದರ ಪರಿಣಾಮವನ್ನು ಕುಗ್ಗಿಸಿತು. ಒಂದೇ ಉಸಿರಿನ ತ್ರಿವಳಿ ತಲಾಖ್ ಅಸಿಂಧುವೆಂದು ನ್ಯಾಯಾಲಯ ಹೇಳಿದ್ದು 2017ರ ಆಗಸ್ಟ್ 22ರಂದು, ಐವರ ಪೀಠದಲ್ಲಿ ಮೂವರ ಬಹುಮತದಿಂದ. 2019ರಲ್ಲಿ ಅದು ಶಿಕ್ಷಾರ್ಹ ಅಪರಾಧವೂ ಆಯಿತು. ನಾದಿರಾಳನ್ನು ಕೊಳಕ್ಕೆ ಅಟ್ಟಿದ ನಡುಮದುವೆಯ ಕಟ್ಟಳೆಯನ್ನು ಪ್ರಶ್ನಿಸುವ ಅರ್ಜಿಗಳು 2018ರಲ್ಲಿ ಸಂವಿಧಾನ ಪೀಠಕ್ಕೆ ಹೋದವು. ಇವನ್ನೆಲ್ಲ ನೆನೆದಾಗ, ಪದವಿಯಿಲ್ಲದ ಗೃಹಿಣಿ 1981ರಲ್ಲಿಯೇ ಇದನ್ನು ಕಂಡಿದ್ದರಲ್ಲ ಎಂದು ಹೊಗಳುವ ಆಸೆಯಾಗುತ್ತದೆ. ಆದರೆ ಅವರು ಕಂಡದ್ದು ಇನ್ನೂ ಸ್ವಲ್ಪ ಆಳದ್ದು. ನಾದಿರಾಳ ಮದುವೆ ಮುರಿದದ್ದು ಗಂಡನ ಕೋಪದಿಂದಲ್ಲ, ತಂದೆಯ ಹಟದಿಂದ. ಗಂಡನ ಬಾಯಿಗೆ ಕಾನೂನು ಬೀಗ ಹಾಕಬಲ್ಲದು. ಮಗಳ ಬದುಕು ತನ್ನ ಸೊತ್ತೆಂದು ತಿಳಿದ ತಂದೆಯನ್ನು ಯಾವ ಕಲಮಿನ ಅಡಿ ತರುವುದು?

ಪ್ರಪಂಚದ ಇನ್ನೊಂದು ಮೂಲೆಯ ಲೇಖಕಿಯೊಬ್ಬರನ್ನು ಇಲ್ಲಿ ನೆನೆಯಬೇಕು. ಕೆರಿಬಿಯನ್ ದ್ವೀಪವಾದ ಡೊಮಿನಿಕಾದಲ್ಲಿ 1890ರಲ್ಲಿ ಹುಟ್ಟಿದ ಜೀನ್ ರೀಸ್ ಹದಿನಾರರ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರ ಮಾತಿನ ಧಾಟಿಯನ್ನು ಆಡಿಕೊಂಡರು. ದ್ವೀಪದ ಕರಿಯರ ಪಾಲಿಗೋ ಅವರು ಬಿಳಿಯ ಒಡೆಯರ ಮಗಳು. ಎರಡೂ ಕಡೆ ಹೊರಗಿನವರು. 1939ರ ನಂತರ ಬಹುಕಾಲ ಅವರ ಹೆಸರೇ ಕೇಳಿಬರಲಿಲ್ಲ, ಸತ್ತೇ ಹೋಗಿದ್ದಾರೆಂದು ಭಾವಿಸಿದವರೂ ಇದ್ದರು. 1966ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, 'ವೈಡ್ ಸರ್ಗಾಸೊ ಸೀ' ಕಾದಂಬರಿಯೊಡನೆ ಮರಳಿ ಬಂದರು. ಷಾರ್ಲಟ್ ಬ್ರಾಂಟೆಯ 'ಜೇನ್ ಏರ್' ಕಾದಂಬರಿಯಲ್ಲಿ ಅಟ್ಟದ ಮೇಲೆ ಕೂಡಿಹಾಕಲ್ಪಟ್ಟ ಹುಚ್ಚು ಹೆಂಡತಿಯೊಬ್ಬಳಿದ್ದಾಳೆ. ದ್ವೀಪದಿಂದ ತಂದವಳು. ಅಲ್ಲಿ ಅವಳಿಗೆ ಮಾತೇ ಇಲ್ಲ, ಇರುವುದು ಚೀರಾಟ ಮಾತ್ರ. ಅವಳೂ ಒಮ್ಮೆ ತನ್ನ ಮನೆ, ತೋಟ, ಹೆಸರು ಇದ್ದ ಹುಡುಗಿಯಾಗಿದ್ದಳು ಎಂದು ರೀಸ್ ತೋರಿಸಿಕೊಟ್ಟರು.

ಈ ಇಬ್ಬರನ್ನು ಒಟ್ಟಿಗೆ ಇಡುವುದಕ್ಕೆ ಕಾರಣ ತಡವಾದ ಆರಂಭವೊಂದೇ ಅಲ್ಲ. ಕನ್ನಡ ಕತೆಗಳಲ್ಲಿಯೂ ಮುಸ್ಲಿಂ ಹೆಣ್ಣು ಬಹುಮಟ್ಟಿಗೆ ಬೀದಿಯಿಂದ ಕಂಡವಳಾಗಿದ್ದಳು. ಬುರ್ಖಾ ಒಂದು, ಪರದೆಯ ಹಿಂದಿನ ಬಳೆ ಸದ್ದೊಂದು, ಅಷ್ಟೆ. ಸಾರಾ ಅವರು ಓದುಗರನ್ನು ನೇರವಾಗಿ ಅಡುಗೆಮನೆಗೆ ಕರೆದೊಯ್ದರು. ಅಲ್ಲಿ ಏನು ಮಾತಾಡುತ್ತಾರೆ, ಯಾವುದಕ್ಕೆ ನಗುತ್ತಾರೆ, ಯಾರಿಗೆ ಅಂಜುತ್ತಾರೆ ಎಂಬುದು ಒಳಗಿನವರ ಬಾಯಿಂದಲೇ ಬಂತು. ರೀಸ್ ಗದ್ಯದಲ್ಲಿರುವ ಕಾವ್ಯದ ಹೊಳಪು ಸಾರಾ ಅವರಲ್ಲಿಲ್ಲ. ಅವರು ಅದಕ್ಕಾಗಿ ಹಂಬಲಿಸಿದವರೂ ಅಲ್ಲ. ಹೈಸ್ಕೂಲು ಓದಿದವರಿಗೂ ತಡೆಯಿಲ್ಲದೆ ಅರ್ಥವಾಗುವ ಸರಳ ಗದ್ಯ ಅವರದು.

ಅದನ್ನು ಅವರು ಕನ್ನಡದಲ್ಲಿ ಏಕೆ ಬರೆದರು? ಓದಿದ್ದು ಕನ್ನಡ, ಆದ್ದರಿಂದ ಬರೆದದ್ದೂ ಕನ್ನಡ ಎಂದು ಸುಲಭವಾಗಿ ಹೇಳಬಹುದು. ನಮ್ಮ ಜಿಲ್ಲೆಯವರಿಗೆ ಈ ಉತ್ತರ ಸಾಲದು. ಏಕೆಂದರೆ ಬಸವಕಲ್ಯಾಣದಲ್ಲಿ ನೆಲೆಸಿ 1986ರಲ್ಲಿ ಅಲ್ಲಿಯೇ ದೇಹ ಬಿಟ್ಟ ಜಯದೇವಿತಾಯಿ ಲಿಗಾಡೆಯವರ ಉದಾಹರಣೆ ನಮ್ಮೆದುರಿಗಿದೆ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರ ಮನೆಮಾತು ಕನ್ನಡ, ಶಾಲೆಯ ಕಲಿಕೆ ಮರಾಠಿ. ಕನ್ನಡ ಅಕ್ಷರವನ್ನು ಸ್ವಂತ ಪ್ರಯತ್ನದಿಂದ ದಕ್ಕಿಸಿಕೊಂಡು, ಜನಪದರ ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣವನ್ನೇ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ಜಯದೇವಿತಾಯಿಯವರದು ಮನೆಯ ನುಡಿಗೆ ಮರಳುವ ದಾರಿ. ಸಾರಾ ಅವರದು ಮನೆಯ ನುಡಿಯಿಂದ ಹೊರಗೆ ನಡೆಯುವ ದಾರಿ. ಒಬ್ಬರಿಗೆ ಕನ್ನಡ ತಾಯಿ. ಇನ್ನೊಬ್ಬರಿಗೆ, ಹೀಗೆನ್ನಬಹುದಾದರೆ, ಗುಟ್ಟು ಹೇಳಿಕೊಳ್ಳಬಹುದಾದ ಗೆಳತಿ.

ಮನೆಯೊಳಗೆ ಆಡಲಾಗದ ಮಾತನ್ನು ಮನೆಯವರದಲ್ಲದ ಭಾಷೆಯಲ್ಲಿ ಆಡುವುದು ಸುಲಭ. ಆ ಭಾಷೆಗೆ ಅಪ್ಪನ ಗದರಿಕೆ ಅಂಟಿರುವುದಿಲ್ಲ. ಮನೆಯಲ್ಲಿ ದಖ್ಖನಿ ಆಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಕ್ಕಳು ಬೀದರಿನ ಓಣಿಗಳಲ್ಲಿ ಎಷ್ಟೋ ಮಂದಿ. ಭಾಲ್ಕಿ, ಔರಾದ್ ಕಡೆ ಮನೆಯಲ್ಲಿ ಮರಾಠಿ ಆಡುವವರೂ ಹಾಗೆಯೇ. ಅವರ ಕನ್ನಡದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದುವಾಗ, ಆ ಕನ್ನಡದಲ್ಲಿ ಏನೇನು ಹೇಳಿಕೊಳ್ಳಲು ಅವರಿಗೆ ಸಾಧ್ಯವಾಗಬಹುದೆಂಬ ವಿಚಾರ ನಮಗೆ ಹೊಳೆಯುವುದು ಕಡಿಮೆ.

ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇತ್ತು. ಯಾರ ಬಗ್ಗೆ ಬರೆದರೋ ಆ ಹೆಂಗಸರಲ್ಲಿ ಹೆಚ್ಚಿನವರು ಓದಲಾರರು. ಅವರ ಗಂಡಸರು ಓದಿದರು, ಅಥವಾ ಓದಿದವರಿಂದ ಕೇಳಿದರು, ಸಿಟ್ಟಾದರು. ಮನೆಯ ಮಾತನ್ನು ಬೀದಿಗೆ ತಂದಳೆಂಬ ದೂರು ಹುಟ್ಟಿತು. 1985ರಲ್ಲಿ ಪುತ್ತೂರಿನ ಸಭೆಯೊಂದರಲ್ಲಿ ಅವರು ಉಗ್ರ ವಿರೋಧವನ್ನು ಎದುರಿಸಬೇಕಾಯಿತು. ಇನ್ನೊಂದು ಕಡೆ ಚಪ್ಪಾಳೆ ತಟ್ಟುವವರೂ ಇದ್ದರು. ನೋಡಿ, ಅವರವರೇ ಒಪ್ಪಿಕೊಳ್ಳುತ್ತಿದ್ದಾರೆ ಎಂಬ ಧಾಟಿಯ ಚಪ್ಪಾಳೆ ಅದು. ಮೊದಲನೆಯ ಸಿಟ್ಟಿಗಿಂತ ಈ ಎರಡನೆಯ ಮೆಚ್ಚುಗೆ ಲೇಖಕಿಗೆ ಹೆಚ್ಚು ಅಪಾಯದ್ದು. ಅದಕ್ಕೆ ಸಿಲುಕದೆ ಉಳಿದದ್ದು ಸಾರಾ ಅವರ ದೊಡ್ಡತನ. ಮುಲ್ಲಾಗಳನ್ನು ಪ್ರಶ್ನಿಸಿದಷ್ಟೇ ನಿಷ್ಠುರವಾಗಿ ಕರಾವಳಿಯ ಹಿಂದೂ ಕೋಮುವಾದವನ್ನೂ ಅವರು ಕೊನೆಯವರೆಗೆ ಪ್ರಶ್ನಿಸುತ್ತ ಬಂದರು. ಅವರ ಮೊದಲ ಲೇಖನವೇ ಸೌಹಾರ್ದವನ್ನು ಕುರಿತದ್ದಾಗಿತ್ತೆಂಬುದನ್ನು ಮರೆಯಬಾರದು.

'ಸಹನಾ', 'ವಜ್ರಗಳು', 'ಕದನ ವಿರಾಮ', 'ಸುಳಿಯಲ್ಲಿ ಸಿಕ್ಕವರು', 'ತಳ ಒಡೆದ ದೋಣಿಯಲಿ' ಮುಂದೆ ಬಂದ ಕಾದಂಬರಿಗಳು. 'ಚಪ್ಪಲಿಗಳು', 'ಪಯಣ', 'ಖೆಡ್ಡಾ' ಕಥಾಸಂಕಲನಗಳಲ್ಲಿ ಕೆಲವು. ಎಲ್ಲವೂ ಒಂದೇ ತೂಕದವಲ್ಲ. ಕೆಲವು ಕಡೆ ಪಾತ್ರ ಹಿಂದೆ ಸರಿದು ವಾದ ಮುಂದೆ ನಿಲ್ಲುತ್ತದೆ. ನಾದಿರಾ ತನ್ನ ಪಾಡಿಗೆ ತಾನು ಇದ್ದು ನಮ್ಮನ್ನು ಕಾಡಿದರೆ, ಮುಂದಿನ ಕೆಲವು ನಾಯಕಿಯರು ಭಾಷಣಕ್ಕೆ ಸಿದ್ಧರಾಗಿ ಬಂದಂತೆ ತೋರುತ್ತಾರೆ. ಇದನ್ನು ಅವರ ಅಭಿಮಾನಿಗಳು ಒಪ್ಪಲಿಕ್ಕಿಲ್ಲ. ಆದರೆ ಮೊದಲ ಕಾದಂಬರಿಯ ಸಂಯಮವನ್ನು ಮೆಚ್ಚಿದವರು ಈ ಮಾತನ್ನು ಹೇಳದೆ ಇರಲಾಗದು. ಮಲಯಾಳದಿಂದ ಕಮಲಾದಾಸ್, ಬಿ.ಎಂ. ಸುಹರಾ ಅವರ ಕೃತಿಗಳನ್ನು ಕನ್ನಡಕ್ಕೆ ತಂದು, ಹೊಳೆಯ ಎರಡು ದಡಗಳ ನಡುವೆ ಅಂಬಿಗರ ಕೆಲಸವನ್ನೂ ಅವರು ಮಾಡಿದರು.

1990ರಿಂದ 1994ರವರೆಗೆ ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘದ ಅಧ್ಯಕ್ಷರಾಗಿದ್ದರು. ಸಂಘದ ಹೆಸರಿನಲ್ಲಿ 'ವಾಚಕಿಯರು' ಇರುವುದು ಸೊಗಸು. ಗ್ರಂಥಾಲಯದ ಚೀಟಿಗಾಗಿ ವರ್ಷಗಟ್ಟಲೆ ಕಾದವರಿಗೆ ಓದುವವಳ ಬೆಲೆ ಗೊತ್ತು. 1994ರಲ್ಲಿ ಚಂದ್ರಗಿರಿ ಪ್ರಕಾಶನ ಕಟ್ಟಿಕೊಂಡರು. ರಾಜ್ಯ ಸಾಹಿತ್ಯ ಅಕಾಡೆಮಿ, ರಾಜ್ಯೋತ್ಸವ, ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿಗಳು, 2008ರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದವು. ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ 'ಚಂದ್ರಗಿರಿಯ ತೀರದಲ್ಲಿ' ಇಂಗ್ಲಿಷಿಗೂ ಹೋಯಿತು. ಬ್ಯಾರಿ ಭಾಷೆಯ ಮೊದಲ ಚಲನಚಿತ್ರ 'ಬ್ಯಾರಿ' 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಾಗ, ಅದು ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿದೆಯೆಂದು ಸಾರಾ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಆಗ ಅವರು ಎಪ್ಪತ್ತೈದು ದಾಟಿದ್ದರು. ತನ್ನ ಬದುಕಿಗೆ ಬೇರೆಯವರು ಸಹಿ ಹಾಕಿದ ನಾದಿರಾಳನ್ನು ಸೃಷ್ಟಿಸಿದವರು, ತಮ್ಮ ಕತೆಗೆ ತಮ್ಮ ಸಹಿಯೇ ಇರಬೇಕೆಂದು ಆ ವಯಸ್ಸಿನಲ್ಲಿ ಪಟ್ಟು ಹಿಡಿದರು.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾಡೆಲ್ಲ ಸಂಭ್ರಮಿಸಿತು. ಹಾಸನದ ಬಾನು ಅವರ ಮನೆಯಲ್ಲಿಯೂ ದಖ್ಖನಿ, ಬರಹದಲ್ಲಿ ಕನ್ನಡ. ಅವರದೂ ಲಂಕೇಶ್ ಪತ್ರಿಕೆಯ ಒಡನಾಟವೇ. ಆ ಸಂಭ್ರಮದ ಭಾಷಣಗಳಲ್ಲಿ ಸಾರಾ ಅವರ ಹೆಸರು ಅಲ್ಲಲ್ಲಿ ಬಂತು, ಬಹುಪಾಲು ಒಂದು ಸಾಲಿನಲ್ಲಿ. ಆ ಒಂದು ಸಾಲಿನ ಹಿಂದಿನ ಕಾದಂಬರಿಯನ್ನು ಈಗಲೂ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಓದುವಾಗ ನಾದಿರಾಳ ಮೇಲೆ ಕಣ್ಣಿರುವುದು ಸಹಜ. ಎರಡನೆಯ ಸಲ ಓದುವವರು ಫಾತಿಮಾಳನ್ನು ಗಮನಿಸಲಿ. ಗಂಡ ಮಗಳ ಕುರಿತು ತೀರ್ಮಾನ ಹೇಳುವಾಗಲೆಲ್ಲ ಅವಳು ಎಲ್ಲಿ ನಿಂತಿರುತ್ತಾಳೆ, ಎಷ್ಟು ಮಾತಾಡುತ್ತಾಳೆ ಎಂದು.